ಗುಲಾಬಿ ಹೂವಿನ ಮಡ್‌ಗಾರ್ಡು

ಸೈಕಲ್ಲಿನ ಮೇಲೆ ಕೂತು ಊರೂರು ತಿರುಗುವವನು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಎದುರಿಗೆ ಬಂದು ಕ್ಷೇಮ ಸಮಾಚಾರ ಕೇಳುತ್ತವೆ. ನಿಜಾಮರ ಆಳ್ವಿಕೆಯಲ್ಲಿ ನಾನು ಕಲಬುರಗಿಯ ದವಾಖಾನೆಯೊಂದರ ನೌಕರನಾಗಿದ್ದೆ. ಸಿಡುಬು ಬಾರದಂತೆ ಮಕ್ಕಳ ತೋಳಿಗೆ ಚುಚ್ಚುವುದು, ಮಳೆಗಾಲದಲ್ಲಿ ಬಾವಿಗಳಿಗೆ ಔಷಧ ಹಾಕುವುದು ನನ್ನ ಕೆಲಸ. ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರಾದ್ದರಿಂದ ಜನ ನನ್ನನ್ನು ದೇವಿ ಡಾಕ್ಟರ್ ಎಂದು ಕರೆಯುತ್ತಿದ್ದರು. ಡಾಕ್ಟರಿಕೆ ನಾನು ಓದಿದವನಲ್ಲ, ಆದರೆ ಯಾರಾದರೂ ಹಾಗೆ ಕರೆದರೆ ತಿದ್ದುವಷ್ಟು ಒಳ್ಳೆಯವನೂ ಅಲ್ಲ.

ನನ್ನ ತಿರುಗಾಟವೆಲ್ಲ ಕಮಲಾಪುರದ ಕಡೆ. ಈಗ ಹೇಳುವ ಫಜೀತಿಗಳು ಒಂದೇ ಜೋಡಿ ಮಡ್‌ಗಾರ್ಡಿನಿಂದ ಹುಟ್ಟಿದವು. ಅವನ್ನು ಅಂಗಡಿಯಲ್ಲಿ ಕೊಳ್ಳಬಹುದಿತ್ತು, ಕೊಳ್ಳದೆ ನಾನೇ ಮಾಡಿದೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನಮ್ಮ ಮನೆಯ ಮೂಲೆಯಲ್ಲಿ ಮುಚ್ಚಳವಿಲ್ಲದ ಒಂದು ಪೆಟ್ಟಿಗೆ ಇನ್ನೂ ಇದೆ. ಅದರ ಮೇಲೆ ಕಣ್ಣು ಬಿದ್ದರೆ ನಗು ಅರ್ಧಕ್ಕೇ ನಿಂತುಬಿಡುತ್ತದೆ.

೧. ಬೆನ್ನಿನ ವರದಿ

ಬೀದರಿಗೆ ವರ್ಗವಾಗಿ ಹೊರಟಿದ್ದ ಓವರ್‌ಸಿಯರೊಬ್ಬರು ತಮ್ಮ ಹಳೆಯ ಸೈಕಲ್ಲನ್ನು ನನಗೆ ಮಾರಿದರು. ಎರಡು ಗಾಲಿ, ಒಂದು ಸೀಟು, ಬಾರಿಸಿದರೆ ಬಾರಿಸಿದವನಿಗೆ ಮಾತ್ರ ಕೇಳುವ ಒಂದು ಗಂಟೆ. ಮಡ್‌ಗಾರ್ಡು ಇರಲಿಲ್ಲ. ನಾನು ಕೊಂಡದ್ದು ಕಡುಬೇಸಿಗೆಯಲ್ಲಿ. ಕಲಬುರಗಿಯ ಬೇಸಿಗೆಯಲ್ಲಿ ಮಡ್‌ಗಾರ್ಡು ಯಾಕೆ ಬೇಕು ಎಂಬ ಪ್ರಶ್ನೆ ಯಾರ ತಲೆಗೂ ಹೊಳೆಯುವುದಿಲ್ಲ.

ಮೊದಲ ಮಳೆ ಬಿದ್ದ ಮರುದಿನ ಕಮಲಾಪುರಕ್ಕೆ ಹೋಗಿ, ಅಲ್ಲೇ ಉಳಿದು, ಅದರ ಮರುದಿನ ತಿರುಗಿ ಬಂದೆ. ಬಂದವನು ನೆಟ್ಟಗೆ ದವಾಖಾನೆಗೆ ಹೋದೆ. ನಮ್ಮ ದೊಡ್ಡ ಡಾಕ್ಟರ್ ಸಾಹೇಬರು ಹೈದರಾಬಾದಿನವರು. ಅವರ ಶೇರವಾನಿಯ ಮೇಲೆ ನೊಣ ಕೂಡ ಕಾಲು ಒರೆಸಿಕೊಂಡೇ ಕೂರುತ್ತಿತ್ತು. ನಾನು ಸಲಾಂ ಮಾಡಿ ಹೊರಡಲು ತಿರುಗಿದ್ದೇ ತಡ, "ಠಹರೋ" ಎಂದರು. ನಿಂತೆ. ನನ್ನ ಬೆನ್ನಿನ ಹಿಂದೆ ಅವರು ಕನ್ನಡಕ ಹಾಕಿಕೊಳ್ಳುವ ಸಪ್ಪಳ ಕೇಳಿಸಿತು.

ಹಿಂದಿನ ಗಾಲಿ ಎರಚಿದ ಕೆಸರು ಸೊಂಟದಿಂದ ಟೋಪಿಯವರೆಗೆ ಒಂದು ಪಟ್ಟೆ ಎಳೆದಿತ್ತು. ಕಲಬುರಗಿ ಸುತ್ತಲಿನದು ಕರಿಯ ಎರೆಮಣ್ಣು, ಕಮಲಾಪುರದ್ದು ಕೆಂಪು ಮಣ್ಣು. ತಳದಲ್ಲಿ ಒಣಗಿದ ಕಪ್ಪು, ಅದರ ಮೇಲೆ ಕೆಂಪು, ಅದರ ಮೇಲೆ ಮತ್ತೆ ಹಸಿ ಕಪ್ಪು. ಸಾಹೇಬರು ಬಹಳ ಹೊತ್ತು ಓದಿದರು. ಆಮೇಲೆ ಉರ್ದುವಿನಲ್ಲಿ, ಸಮಾಧಾನದಿಂದಲೇ ಹೇಳಿದರು, "ಹೋದದ್ದೂ ಇದೆ, ತಲುಪಿದ್ದೂ ಇದೆ, ಬಂದದ್ದೂ ಇದೆ. ಇನ್ನು ಮುಂದೆ ತಿರುಗಾಟದ ವರದಿ ಬರೆಯಬೇಡಿ. ಬಂದು ಬೆನ್ನು ತೋರಿಸಿದರೆ ನಾನು ರುಜು ಮಾಡುತ್ತೇನೆ."

೨. ಕರೆಯಲು ಬಂದ ಪೆಟ್ಟಿಗೆ

ಸ್ಟೇಷನ್ ರಸ್ತೆಯ ಸೈಕಲ್ ಅಂಗಡಿಯಲ್ಲಿ ವಿಲಾಯತಿ ಮಡ್‌ಗಾರ್ಡುಗಳು ತೂಗುಬಿದ್ದಿರುತ್ತಿದ್ದವು. ಕನ್ನಡಿಯಂಥ ಕಪ್ಪು ಬಣ್ಣ, ಅಂಚಿಗೆ ಕೂದಲೆಳೆಯಷ್ಟು ಬಂಗಾರದ ಗೆರೆ. ನಾನು ದಿನಾ ಹೋಗಿ ಮುಟ್ಟಿ ನೋಡಿ ಬರುತ್ತಿದ್ದೆ. ಬೀಡಿ ಮತ್ತು ಚಹಾ ನಾಲ್ಕು ತಿಂಗಳು ಬಿಟ್ಟಿದ್ದರೆ ಅವು ನನ್ನವಾಗುತ್ತಿದ್ದವು. ಬಿಡಲಾಗಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಕಥೆ ಆಯಿತಲ್ಲ ಎಂದು ಈಗ ಸಂಕಟವಾಗುತ್ತದೆ.

ಮೋಮಿನಪುರದಲ್ಲಿ ನನಗೊಬ್ಬ ಗೆಳೆಯನಿದ್ದ, ತಗಡಿನ ಕೆಲಸದವನು. ಕಂದೀಲು, ಕೊಡಪಾನ, ಹಿಟ್ಟಿನ ಡಬ್ಬಿ ಎಲ್ಲ ಮಾಡುತ್ತಿದ್ದ. ಊರೆಲ್ಲ ಅವನಿಗೆ ಉಸ್ತಾದ ಎನ್ನುತ್ತಿತ್ತು. ನಾನು ಮಡ್‌ಗಾರ್ಡಿನ ಮಾತು ತೆಗೆದಾಗ ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ದುಕಾನದ್ದು ತಗೋ, ಛಲೋ ಇರ್ತದ. ಇಲ್ಲಾ ನನಗ ಹೇಳು, ನಾ ಮಾಡಿಕೊಡ್ತೀನಿ. ನೀ ಮಾತ್ರ ಮಾಡಾಕ ಹೋಗಬ್ಯಾಡ ಭಾಯಿ."

"ತಗಡು ಬಾಗಿಸೋದರಾಗ ಏನು ದೊಡ್ಡ ವಿದ್ಯಾ ಅದ?" ಎಂದೆ.

ಉಸ್ತಾದ ನನ್ನ ಮುಖ ನೋಡಿದ. "ಹೌದು, ಸೂಜಿ ಚುಚ್ಚೋದರಾಗೂ ಏನೂ ಇಲ್ಲ. ನಾಳಿಂದ ನಾ ಚುಚ್ಚತೀನಿ, ನೀ ಇಲ್ಲಿ ಕೂಡು" ಎಂದು ಮತ್ತೆ ಕತ್ತರಿ ಎತ್ತಿಕೊಂಡ. ನಾನು ಎದ್ದು ಬರುವಾಗ ಹಿಂದಿನಿಂದ ಕೂಗಿ ಹೇಳಿದ, "ಮಾಡಿದರ ಗಾಲಿಗೂ ತಗಡಿಗೂ ನಡುವ ತೀನ್ ಉಂಗ್ಲಿ ಬಿಡು. ಮೂರು ಬೆರಳು. ಮರೀಬ್ಯಾಡ."

ಆಗ ನನ್ನ ಹೆಂಡತಿ ಪಂಚಮಿಗೆಂದು ತವರಿಗೆ ಹೋಗಿದ್ದಳು. ಕಮಲಾಪುರದಾಚೆಯ ಒಂದು ಹಳ್ಳಿ ಅವಳ ತವರು. ಮನೆಯಲ್ಲಿ ತಗಡು ಹುಡುಕಿದೆ. ಘಾಸಲೇಟ್ ಎಣ್ಣೆಯ ಡಬ್ಬಿ ತುಕ್ಕು ಹಿಡಿದಿತ್ತು. ಕಣ್ಣು ಅವಳ ಪೆಟ್ಟಿಗೆಯ ಮೇಲೆ ಬಿತ್ತು.

ಮದುವೆಯಲ್ಲಿ ಅವಳ ಅಪ್ಪ ಕೊಟ್ಟ ತಗಡಿನ ಪೆಟ್ಟಿಗೆ ಅದು. ಹಸಿರು ಬಣ್ಣ, ಮುಚ್ಚಳದ ಮೇಲೆ ಅಂಗೈಯಷ್ಟಗಲದ ನಾಲ್ಕು ಗುಲಾಬಿ ಹೂವು. ಹೇಳಿ ಬರೆಸಿದ್ದರಂತೆ. ಅದನ್ನು ಚಪ್ಪರದ ಕೆಳಗೆ ಎಲ್ಲರ ಮುಂದೆ ಇಟ್ಟು, ಮುಚ್ಚಳವನ್ನು ಕೈಯಿಂದ ತಟ್ಟಿ, "ಮಳಿಯಾಗ ಇಟ್ಟರೂ ಒಂದು ಹನಿ ಒಳಗ ಇಳಿಯಂಗಿಲ್ಲ" ಎಂದಿದ್ದರು. ಮರುವರ್ಷ ಅವರು ತೀರಿಕೊಂಡರು. ಅವಳ ಬಳಿ ಅಪ್ಪನದೆಂದು ಉಳಿದದ್ದು ಆ ಪೆಟ್ಟಿಗೆಯೊಂದೇ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಪೆಟ್ಟಿಗೆಯನ್ನೇನೂ ಕತ್ತರಿಸುತ್ತಿಲ್ಲವಲ್ಲ, ಬರೀ ಮುಚ್ಚಳ ತಾನೇ ಎಂದುಕೊಂಡೆ. ಹೂವಿಗೆ ಕತ್ತರಿ ತಗಲದಂತೆ ಬಹಳ ಜಾಗ್ರತೆ ಮಾಡಿದೆ ಎಂಬುದೇ ಆಗ ನನಗೆ ದೊಡ್ಡ ಪುಣ್ಯದ ಕೆಲಸವಾಗಿ ಕಂಡಿತ್ತು. ಪಟ್ಟಿಗಳನ್ನು ಎರಡೆರಡಾಗಿ ಜೋಡಿಸಿ ರಿಬಿಟ್ ಹೊಡೆದೆ, ಒನಕೆಯ ಮೇಲಿಟ್ಟು ಬಾಗಿಸಿದೆ. ಮುಂದಿನ ಗಾಲಿಗೆ ಎರಡು ಗುಲಾಬಿ, ಹಿಂದಿನ ಗಾಲಿಗೆ ಎರಡು ಗುಲಾಬಿ. ಉಸ್ತಾದನ ಮೂರು ಬೆರಳು ನನಗೆ ದುಂದು ಎನಿಸಿತು, ಒಂದೇ ಬೆರಳು ಬಿಟ್ಟೆ. ಗಾಲಿಗೆ ಎಷ್ಟು ಹತ್ತಿರವೋ ಕೆಸರು ಅಷ್ಟು ದೂರ ಎಂಬುದು ನನ್ನ ಲೆಕ್ಕ.

ಹಬ್ಬ ಮುಗಿದ ಮೇಲೆ ಅವಳನ್ನು ಅಣ್ಣ ಗಾಡಿಯಲ್ಲಿ ಕರೆದುಕೊಂಡು ಬಂದ. ನಾನು ಹುರುಪಿನಿಂದ ಊರ ಹೊರಗಿನ ತನಕ ಸೈಕಲ್ಲಿನ ಮೇಲೆ ಎದುರುಗೊಳ್ಳಲು ಹೋದೆ. ದೂರದಿಂದಲೇ ಅವಳು ಗಾಡಿಯಲ್ಲಿ ಎದ್ದು ನಿಂತದ್ದು ಕಾಣಿಸಿತು. ಇಷ್ಟು ದಿನದ ಮೇಲೆ ಗಂಡನನ್ನು ನೋಡಿ ಎದ್ದಳು ಎಂದು ಹಿಗ್ಗಿ, ಇನ್ನೂ ಜೋರಾಗಿ ತುಳಿದೆ. ಹತ್ತಿರ ಹೋದಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ, ಮುಂದಿನ ಗಾಲಿಯ ಮೇಲಿತ್ತು. ಮೆಲ್ಲಗೆ ಅಣ್ಣನಿಗೆ ಹೇಳಿದಳು, "ಅಣ್ಣಾ, ನನ್ನ ಕರಿಯಾಕ ನನ್ನ ಪೆಟಗಿ ಬಂದದ. ಒಳಗಿನ ಸೀರಿ ಎಲ್ಲಿ ಇಟ್ಟು ಬಂದದ ಕೇಳು."

೩. ನೆಟ್ಟ ಸೈಕಲ್ಲು

ಹುಬ್ಬಿ ನಕ್ಷತ್ರದ ಮಳೆ ಹಿಡಿಯಿತು. ಬಾವಿಗಳಿಗೆ ಔಷಧ ಹಾಕಲು ಹೊರಟೆ. ಕಲಬುರಗಿ ದಾಟಿ ಒಂದು ಹರದಾರಿ ಹೋಗಿರಲಿಲ್ಲ, ಗಾಲಿ ತಿರುಗಲೊಲ್ಲೆ ಎಂದಿತು. ಎರೆಮಣ್ಣಿನ ಗುಣ ಬಲ್ಲವರಿಗೆ ಹೇಳಬೇಕಾಗಿಲ್ಲ. ಕಾಲಿಗೆ ಹತ್ತಿದರೆ ಚಪ್ಪಲಿ ಬಿಡುತ್ತದೆಯೇ ಹೊರತು ಮಣ್ಣು ಬಿಡುವುದಿಲ್ಲ. ಗಾಲಿ ಎತ್ತಿ ತಂದ ಮಣ್ಣೆಲ್ಲ ನಾನು ಬಿಟ್ಟ ಒಂದು ಬೆರಳಿನ ಸಂದಿಯಲ್ಲಿ ಸೇರಿ ಗಟ್ಟಿಯಾಗಿತ್ತು. ಮೂರು ಬೆರಳು ಯಾಕೆ ಎಂಬುದು ಆಗ ತಿಳಿಯಿತು. ಅಂಗಡಿಯ ಮಾಲಿನಲ್ಲಿ ಈ ಬುದ್ಧಿ ಸೇರಿಸಿಯೇ ಮಾಡಿರುತ್ತಾರೆ, ಮನೆಯ ಮಾಲಿನಲ್ಲಿ ಬುದ್ಧಿಯನ್ನು ನಾವೇ ಹಾಕಬೇಕು.

ಕೆಳಗಿಳಿದೆ. ನಾನು ಕೈ ಬಿಟ್ಟರೂ ಸೈಕಲ್ಲು ಬೀಳಲಿಲ್ಲ. ಹೊಲದ ಅಂಚಿನಲ್ಲಿ ತನ್ನ ಪಾಡಿಗೆ ತಾನು ನೆಟ್ಟಗೆ ನಿಂತಿತ್ತು. ಕಡ್ಡಿ ಮುರಿದು ಮಣ್ಣು ಕೆದರುತ್ತ ಕೂತೆ. ಅಷ್ಟರಲ್ಲಿ ಎತ್ತು ಹೊಡೆದುಕೊಂಡು ಒಬ್ಬ ರೈತ ಬಂದ. ನಿಂತ ಸೈಕಲ್ಲನ್ನು ಒಂದು ಸುತ್ತು ಹಾಕಿ ನೋಡಿದ, ಗುಲಾಬಿ ಹೂವನ್ನೂ ನೋಡಿದ.

"ನೆಟ್ಟೀರೇನ್ರಿ ಡಾಕ್ಟರ?" ಎಂದು ಕೇಳಿದ.

ನಾನು ತಲೆ ತಗ್ಗಿಸಿ ಕಡ್ಡಿಯಿಂದ ಇನ್ನೂ ಜೋರಾಗಿ ಕೆದರಿದೆ.

"ಬ್ಯಾರು ಹಿಡದದ. ಹೂವೂ ಬಿಟ್ಟದ. ಸುಗ್ಗಿಗೆ ನನಗೂ ಒಂದು ಸೈಕಲ್ ಇಡ್ರಿ" ಎಂದು ಎತ್ತಿನ ಬಾಲ ಮುಟ್ಟಿ ಹೊರಟುಹೋದ.

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಂದಾಗ ಅಲ್ಲಿ ಇನ್ನೊಂದು ಕಾದಿತ್ತು. ನಮ್ಮ ಮಾಳಿಗೆ ಸೋರಿತ್ತು. ಎಲ್ಲ ಬಿಟ್ಟು ಪೆಟ್ಟಿಗೆಯ ನೇರಕ್ಕೇ ಸೋರಿತ್ತು. ಮುಚ್ಚಳದ ಬದಲು ಹೊದಿಸಿದ್ದ ಗೋಣಿಚೀಲ ನೀರು ಕುಡಿದು, ಸಾಲದೆ ಒಳಗೂ ಕುಡಿಸಿತ್ತು. ಅವಳ ಮದುವೆಯ ಸೀರೆಯ ಕೆಂಪು ಬಣ್ಣ ಬಿಟ್ಟು ಕೆಳಗಿನ ಸೀರೆಗಳಿಗೆಲ್ಲ ಹತ್ತಿತ್ತು. ಅವಳು ಹಗ್ಗ ಕಟ್ಟಿ ಒಂದೊಂದೇ ಹರವುತ್ತಿದ್ದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ನಾನೇ ಹೇಳಿದೆ, "ದುಕಾನದ ಮಡಗಾರ್ಡ ತಂದ ದಿನಾನೇ ಇವು ಬಿಚ್ಚತೀನಿ. ಉಸ್ತಾದನ ಕಡೆ ಬಡಿಸಿ, ಬೆಸಿಗಿ ಹಾಕಿಸಿ, ಮತ್ತ ಮುಚ್ಚಳ ಮಾಡಿಸಿಕೊಡ್ತೀನಿ."

"ಹೂವು ಇರಲಿ. ತಗಡು ಹೆಂಗರೆ ಇರಲಿ, ಹೂವು ಇದ್ದರ ಸಾಕು" ಎಂದಳು. ಆಮೇಲೆ ನನ್ನ ಬೆನ್ನಿನ ಮೇಲೆ ಕೈಯಾಡಿಸಿ ನೋಡಿದಳು. "ನಿಮ್ಮ ಅಂಗಿ ಒಣಾ ಅದ, ನನ್ನ ಸೀರಿ ತೊಯ್ದಾವ. ಮಡಗಾರ್ಡ ಅಂತೂ ಛಲೋ ಮಾಡೀರಿ."

೪. ತೋಟದ ಕಾವಲು

ಎರಡನೆಯ ಮಳೆಗೆ ಮುಂಚೆ ಮಡ್‌ಗಾರ್ಡುಗಳನ್ನು ಕೈಯಿಂದಲೇ ಹಿಗ್ಗಿಸಿ ಮೂರು ಬೆರಳು ಮಾಡಿದೆ. ಸಂದಿಯೇನೋ ಆಯಿತು, ಆದರೆ ಹಿಗ್ಗಿಸಿದ ರಭಸಕ್ಕೆ ಎಲ್ಲ ರಿಬಿಟ್ಟೂ ಸಡಿಲಾದವು. ಆವತ್ತಿನಿಂದ ನನ್ನ ಸೈಕಲ್ಲಿಗೆ ಗಂಟೆಯ ಗರಜು ಉಳಿಯಲಿಲ್ಲ. ಕಲ್ಲಿನ ದಾರಿಯಲ್ಲಿ ಹೊರಟರೆ ಹತ್ತು ತಗಡಿನ ಡಬ್ಬಿಗಳನ್ನು ಯಾರೋ ಬಾಲಕ್ಕೆ ಕಟ್ಟಿದ ಹಾಗೆ ಸಪ್ಪಳ. ನಿಜಾಮರ ಅತಿಥಿಗೃಹವಾದ ಐವಾನ್-ಎ-ಶಾಹಿಯ ಮುಂದೆ ಹಾಯುವಾಗ ಕಾವಲಿನ ಸಿಪಾಯಿ ಕೈ ತೋರಿಸಿ ಇಳಿಸುತ್ತಿದ್ದ. ಅಲ್ಲಿ ಇಳಿದುಕೊಂಡಿರುವ ದೊಡ್ಡವರ ನಿದ್ದೆ ಕೆಡಬಾರದೆಂದು ಅಷ್ಟು ದೂರ ನಾನು ಸೈಕಲ್ಲನ್ನು ಎತ್ತಿಕೊಂಡು ನಡೆಯುತ್ತಿದ್ದೆ.

ದೇವಿ ಹಾಕುವ ಕೆಲಸ ಚಳಿಗಾಲದ್ದು. ಕಮಲಾಪುರಕ್ಕೆ ಹೋದರೆ ಓಣಿಯಲ್ಲಿ ಒಂದು ಮಗುವಿಲ್ಲ. ನನ್ನ ಸಪ್ಪಳ ಅರ್ಧ ಹರದಾರಿಯಾಚೆಗೇ ಕೇಳಿ, ಎಲ್ಲವೂ ಬಣವೆಯ ಹಿಂದೆ, ಬಾಳೆಯ ತೋಟದೊಳಗೆ, ಅಜ್ಜಿಯರ ಕಾಳು ತುಂಬುವ ಹಗೇವಿನಲ್ಲಿ ಅಡಗುತ್ತಿದ್ದವು. ಊರ ಮೊದಲ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ತಾಯಿಯಿಲ್ಲದ ಒಂದು ಮೊಮ್ಮಗ, ಇನ್ನೂ ಅಂಬೆಗಾಲಿನ ಕೂಸು. ನನ್ನನ್ನು ಕಂಡೊಡನೆ ಬಾಗಿಲು ಹಾಕಿ, ಒಳಗಿನಿಂದ "ಮನ್ಯಾಗ ಯಾರೂ ಇಲ್ಲ" ಎಂದು ತಾನೇ ಹೇಳುತ್ತಿದ್ದಳು. ಒಂದು ಸಲ ಇಡೀ ಊರಲ್ಲಿ ನನಗೆ ಸಿಕ್ಕವನು ಒಬ್ಬನೇ ಹುಡುಗ, ಅವನೂ ನಿದ್ದೆಯಲ್ಲಿದ್ದ.

ಪಕ್ಕದ ಊರಿನಲ್ಲಿ ದೇವಿ ಎದ್ದಿದೆ ಎಂಬ ಸುದ್ದಿ ಇತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಊರ ಗೌಡರ ಹತ್ತಿರ ಹೋಗಿ, ಜನರಿಗೆ ನೀವಾದರೂ ಬುದ್ಧಿ ಹೇಳಿ, ನಾನು ಬಂದು ಬಂದು ಹೋಗುವುದರಿಂದ ಏನೂ ಉಪಯೋಗ ಆಗುತ್ತಿಲ್ಲ ಎಂದು ತೋಡಿಕೊಂಡೆ. ಗೌಡರು ಕಮಲಾಪುರದ ಕೆಂಪು ಬಾಳೆಯ ದೊಡ್ಡ ತೋಟದವರು. ನನ್ನ ಕೈಗೆ ನಾಲ್ಕು ಹಣ್ಣು ಕೊಟ್ಟು ಕೂರಿಸಿದರು.

"ಹಂಗ ಅನಬ್ಯಾಡ್ರಿ ಡಾಕ್ಟರ. ನೀವು ಬರಾಕ ಹತ್ತಿದಾಗಿಂದ ನಮ್ಮ ತ್ವಾಟದಾಗ ಒಂದು ಮಂಗ್ಯಾ ಇಲ್ಲ. ದೇವಿ ಹಾಕಿದರ ಹಾಕ್ರಿ, ಬಿಟ್ಟರ ಬಿಡ್ರಿ. ಹಣ್ಣು ಇಳಿಸೋ ತನಕ ದಿನಾ ಒಂದು ಸಲ ಹಾದು ಹೋಗ್ರಿ ಸಾಕು."

೫. ಕೊಟ್ಟದ್ದು, ಕೊಂಡದ್ದು

ಆ ಮಾತು ಕೇಳಿದ ಮೇಲೆ ಬೀಡಿ ಬಿಟ್ಟೆ, ಚಹಾ ಬಿಟ್ಟೆ. ಯುಗಾದಿಯ ಹೊತ್ತಿಗೆ ಸ್ಟೇಷನ್ ರಸ್ತೆಯ ವಿಲಾಯತಿ ಮಡ್‌ಗಾರ್ಡು ನನ್ನ ಸೈಕಲ್ಲಿಗೆ ಬಂದವು. ಏರಿ ಹತ್ತು ಹೆಜ್ಜೆ ಹೋಗಿ, ಸೈಕಲ್ಲು ಇದೆಯೋ ಇಲ್ಲವೋ ಎಂದು ಕೆಳಗೆ ಬಗ್ಗಿ ನೋಡಿದೆ. ಅಷ್ಟು ನಿಶ್ಶಬ್ದ. ಇಷ್ಟು ಸುಖಕ್ಕೆ ಒಂದು ವರ್ಷ ತಡ ಮಾಡಿದೆನಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಬಿಚ್ಚಿದ ಹಳೆಯ ಜೋಡಿಯನ್ನು ಹಿಡಿದು ನೆಟ್ಟಗೆ ಉಸ್ತಾದನಲ್ಲಿಗೆ ಹೋದೆ. ಅವತ್ತು ಶುಕ್ರವಾರ. ಜುಮ್ಮಾದ ದಿನ ಉಸ್ತಾದ ದುಕಾನ ತೆರೆಯುತ್ತಿರಲಿಲ್ಲ. ನಾನು ಕಮಲಾಪುರಕ್ಕೆ ಹೊರಡಲೇಬೇಕಿತ್ತು. ಮನೆಗೆ ಹೋಗಿ ಇಟ್ಟು ಬರಬಹುದಿತ್ತು. ಆದರೆ ಮುಚ್ಚಳ ಮಾಡಿಸಿಯೇ ಹೆಂಡತಿಯ ಮುಂದಿಡೋಣ ಎಂಬ ಶೋಕಿ. ಹಳೆಯ ಜೋಡಿಯನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದು ಹೊರಟೆ.

ಕಲ್ಲಿನ ದಾರಿ ಬಂದ ಕೂಡಲೇ ಕ್ಯಾರಿಯರಿನ ಮೇಲಿದ್ದ ಎರಡೂ ಒಂದಕ್ಕೊಂದು ಬಡಿದುಕೊಳ್ಳತೊಡಗಿದವು. ಮೊದಲು ಮುಂದೊಂದು ಹಿಂದೊಂದು ಇದ್ದವು, ಈಗ ಒಟ್ಟಿಗೆ ಕೂತಿದ್ದವು. ಸಪ್ಪಳ ಮೊದಲಿಗಿಂತ ಹೆಚ್ಚಾಯಿತು. ಕೆಳಗೆ ಹೊಸ ಮಡ್‌ಗಾರ್ಡು ತಮಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹೊಳೆಯುತ್ತಿದ್ದವು. ಕಮಲಾಪುರ ಮುಟ್ಟಿದಾಗ ಓಣಿ ಎಂದಿನಂತೆ ಖಾಲಿ.

ಮುದುಕಿಯ ಬಾಗಿಲು ಮಾತ್ರ ಅವತ್ತು ತೆರೆದಿತ್ತು. ಅವಳು ಮಾಳಿಗೆಯ ಮೇಲೆ ನಿಂತು, ಮಳೆಗಾಲಕ್ಕೆ ಮುಂಚೆ ಮಣ್ಣು ಬಡಿಯುತ್ತಿದ್ದಳು. ಅವಳ ಮನೆಯ ಪನಾಳಿ, ಅಂದರೆ ಮಾಳಿಗೆಯ ನೀರನ್ನು ಗೋಡೆಗೆ ತಾಗದಂತೆ ದೂರ ಚೆಲ್ಲುವ ದೋಣಿ, ಎರಡೂ ಬದಿ ಮುರಿದುಹೋಗಿತ್ತು. ನೀರು ಗೋಡೆಯೊಳಗೇ ಇಳಿದು ಮನೆ ಒಂದು ಕಡೆ ವಾಲಿತ್ತು. ಅವಳು ಮೇಲಿನಿಂದಲೇ ನನ್ನ ಕ್ಯಾರಿಯರ್ ನೋಡಿದಳು. ಬಾಗಿದ ಎರಡು ತಗಡು, ಬೇಕಾದಷ್ಟು ಉದ್ದ, ಬೇಕಾದಷ್ಟು ಬಾಗು.

"ಆ ತಗಡು ಇಲ್ಲಿ ಕೊಡು" ಎಂದಳು.

"ಅದು ಕೊಡಾಕ ಬರಂಗಿಲ್ಲ ಆಯಿ. ಮತ್ತೊಬ್ಬರದು."

"ನನ್ನ ಮೊಮ್ಮಗಂದು ಕೈ ನಿನಗ ಬೇಕೋ ಬ್ಯಾಡೋ?"

ನಾನು ನಿಂತೆ. ಪಕ್ಕದ ಊರಿನಲ್ಲಿ ಆ ವಾರ ಎರಡು ಮಕ್ಕಳು ಹೋಗಿದ್ದವು. ಈ ಕೂಸು ಹೊಸ್ತಿಲ ಮೇಲೆ ಕೂತು ಮಣ್ಣು ತಿನ್ನುತ್ತಿತ್ತು. ತೋಳು ಮೆತ್ತಗೆ, ಗುರುತಿಲ್ಲದೆ, ನಾನು ಚುಚ್ಚಬೇಕಾದ ಜಾಗ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಹಗ್ಗ ಬಿಚ್ಚಿದೆ.

ಮಗುವಿಗೆ ಚುಚ್ಚಿ ಮುಗಿಸಿದಾಗ ಅದು ಅಳಲೂ ಇಲ್ಲ. ಮುದುಕಿ ಮಾತ್ರ ತಗಡನ್ನು ಬೆಳಕಿಗೆ ಹಿಡಿದು, ರಿಬಿಟ್ ಹೊಡೆದ ತೂತುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕೂಸಿನ ತೋಳು ನೋಡಿದಳು. ನನ್ನ ಕಡೆ ತಿರುಗಿ ಕೇಳಿದಳು, "ನೀ ಕೈ ಹಚ್ಚಿದ್ದಕ್ಕೆಲ್ಲಾ ತೂತು ಮಾಡೇ ಬಿಡ್ತಿ ಏನು?"

೬. ಉಸ್ತಾದನ ದುಕಾನು

ಆ ಸಂಜೆಯೇ ಮನೆಗೆ ಹೋಗಿ ನಡೆದದ್ದು ನಡೆದ ಹಾಗೆ ಹೇಳಿದ್ದರೆ ಹೆಂಡತಿ ಏನೂ ಅನ್ನುತ್ತಿರಲಿಲ್ಲ. ಇದು ಈಗ ನನಗೆ ಖಾತ್ರಿಯಾಗಿ ಗೊತ್ತು. ಕೂಸಿನ ಜೀವದ ಮುಂದೆ ಮುಚ್ಚಳ ಎಷ್ಟರದು ಎಂದು ಅವಳೇ ಎತ್ತಿ ಕೊಡುತ್ತಿದ್ದಳು. ಮೊದಲ ಸಲ ಕೇಳದೆ ಕತ್ತರಿಸಿದೆ, ಎರಡನೆಯ ಸಲ ಕೇಳದೆ ಕೊಟ್ಟೆ. ಎರಡು ಸಲವೂ ಅವಳಿಗೆ ದೊಡ್ಡ ಮನಸ್ಸು ತೋರಿಸುವ ಅವಕಾಶವನ್ನೇ ನಾನು ಕೊಡಲಿಲ್ಲ.

ಮನೆಗೆ ಹೋದಾಗ ಅವಳು ಹೊಸ ಮಡ್‌ಗಾರ್ಡು ನೋಡಿ, "ನನ್ನವು?" ಎಂದಳು.

"ಉಸ್ತಾದನ ಕಡೆ ಅವ. ಮಾಡಾಕತ್ತಾನ" ಎಂದುಬಿಟ್ಟೆ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಸಾಕುವುದು ಎಮ್ಮೆ ಸಾಕುವುದಕ್ಕಿಂತ ಕಷ್ಟ. ದಿನಾ ಮೇವು ಹಾಕಬೇಕು. ಮೊದಲ ವಾರ ಉಸ್ತಾದನಿಗೆ ಕೆಲಸ ಬಹಳ ಎಂದೆ. ಎರಡನೆಯ ವಾರ ಬೆಸುಗೆಯ ಸಾಮಾನು ಹೈದರಾಬಾದಿನಿಂದ ಬರಬೇಕು ಎಂದೆ. ರಂಜಾನ್ ಬಂತು, ಉಪವಾಸದಲ್ಲಿ ಸುತ್ತಿಗೆ ಹಿಡಿಯುವುದಿಲ್ಲ ಎಂದೆ. ಅವಳು ಪ್ರತಿ ಸಲವೂ "ಆಗಲಿ ಬಿಡ್ರಿ, ಹೂವು ಛಂದ ಉಳಿಲಿ. ಅವಸರ ಮಾಡಬ್ಯಾಡಂತ ಹೇಳ್ರಿ" ಎನ್ನುತ್ತಿದ್ದಳು. ಅವಳು ನಂಬುತ್ತಿದ್ದುದೇ ನನಗೆ ತಡೆಯಲಾಗುತ್ತಿರಲಿಲ್ಲ.

ಉಸ್ತಾದನಿಗೆ ಎಲ್ಲ ಹೇಳಿ, ಹೊಸ ತಗಡಿನ ಮುಚ್ಚಳ ಮಾಡು, ಯಾರಿಂದಲಾದರೂ ಗುಲಾಬಿ ಬರೆಸೋಣ ಎಂದೆ. ಉಸ್ತಾದ ತಲೆಯಾಡಿಸಿದ. "ಮುಚ್ಚಳ ನಾ ಮಾಡ್ತೀನಿ ಭಾಯಿ. ಆಕಿ ಅಪ್ಪ ಬರಿಸಿದ ಹೂವು ಎಲ್ಲಿಂದ ತರಲಿ? ಖರೇ ಹೇಳು ಹೋಗು." ನಾಳೆ ಹೇಳುತ್ತೇನೆ ಎಂದು ಬಂದೆ. ನಾಳೆ ಎನ್ನುತ್ತ ಮತ್ತೆ ಪಂಚಮಿ ಬಂತು.

ಅವಳು ತವರಿಗೆ ಹೋಗಿ ತಿರುಗಿ ಬರುವ ದಿನ ನನಗೆ ಕಮಲಾಪುರದ ಬಾವಿಗಳ ಕೆಲಸವಿತ್ತು. ದಾರಿಯಲ್ಲೇ ಸೇರಿಕೊಂಡು ಗಾಡಿಯ ಜೊತೆಗೆ ಸೈಕಲ್ ತುಳಿಯುತ್ತ ಹೊರಟೆ. ಊರು ಇನ್ನೇನು ದಾಟಬೇಕು, ಆಕಾಶ ಹರಿದುಕೊಂಡು ಬಿದ್ದಂತೆ ಮಳೆ ಬಂತು. ಅವಳ ಅಣ್ಣ ಗಾಡಿ ನಿಲ್ಲಿಸಿದ. ಎಲ್ಲಿ ನಿಲ್ಲಿಸಿದ ಎಂದು ನೋಡಿದೆ. ಮುದುಕಿಯ ಮನೆಯ ಮುಂದೆ.

"ಇಲ್ಲಿ ಬ್ಯಾಡ. ಗೌಡರ ಮನಿಗೆ ಹೋಗೂಣು" ಎಂದೆ.

"ಎತ್ತು ನಡಿಯಂಗಿಲ್ಲ ಭಾವ, ಮಳಿ ನೋಡ್ರಿ" ಎಂದ ಅಣ್ಣ.

"ಮಳಿ ಏನು ದೊಡ್ಡದು? ತೊಯ್ದರ ಒಣಗತೀವಿ."

ಬೆನ್ನ ಮೇಲೆ ಒಂದು ಹನಿ ಕೆಸರು ಬೀಳಬಾರದೆಂದು ಮನೆಯ ಪೆಟ್ಟಿಗೆ ಕತ್ತರಿಸಿದವನ ಬಾಯಿಂದ ಈ ಮಾತು ಬಂದದ್ದಕ್ಕೆ ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ನಾನು ಇನ್ನೊಂದು ಮಾತು ಹುಡುಕುವುದರೊಳಗೆ ಮುದುಕಿ ಬಾಗಿಲಿಗೆ ಬಂದು, "ಬಾ ತಂಗಿ, ಒಳಗ ಬಾ" ಎಂದು ಅವಳ ಕೈ ಹಿಡಿದು ಕರೆದಳು.

ಅವಳು ಒಳಗೆ ಹೋಗಲಿಲ್ಲ. ಬಾಗಿಲ ಬದಿಯ ಗೋಡೆಗೆ ಒತ್ತಿ ನಿಂತಳು. ಅಲ್ಲಿ ಮಾಳಿಗೆಯ ನೀರು ಒಂದೇ ಧಾರೆಯಾಗಿ, ಗೋಡೆಗೆ ತಾಗದೆ, ಒಂದು ಮೊಳ ದೂರ ಹೋಗಿ ಹಂಡೆಗೆ ಬೀಳುತ್ತಿತ್ತು. ಅದರ ಪಕ್ಕದಲ್ಲಿ ಮುದುಕಿಯ ಮೊಮ್ಮಗ ಬತ್ತಲೆ ನಿಂತು ಕುಣಿಯುತ್ತಿದ್ದ. ಅವನ ತೋಳಿನ ಮೇಲೆ ನನ್ನ ಸೂಜಿಯ ಗುರುತು ಹದವಾಗಿ ಮಾಗಿತ್ತು. ಆ ವರ್ಷ ಆ ಓಣಿಯಲ್ಲಿ ದೇವಿ ಮೂರು ಮನೆ ಹೊಕ್ಕಿದ್ದಳು, ಈ ಮನೆಯನ್ನು ಬಿಟ್ಟಿದ್ದಳು.

ನೀರು ಎಲ್ಲಿಂದ ಬೀಳುತ್ತಿದೆ ಎಂದು ಅವಳು ತಲೆ ಎತ್ತಿ ನೋಡಿದಳು. ಸೈಕಲ್ಲಿನಲ್ಲಿದ್ದಾಗ ಮೇಲ್ಮುಖವಾಗಿದ್ದ ಹೂವು ಪನಾಳಿಯಲ್ಲಿ ಕೆಳಮುಖವಾಗಿದ್ದವು. ಮಳೆಯಲ್ಲಿ ತೊಳೆದು, ಮೊದಲಿಗಿಂತ ಕೆಂಪಾಗಿ, ಬಾಗಿಲ ಆ ಬದಿಗೆ ಎರಡು, ಈ ಬದಿಗೆ ಎರಡು.

ಮುದುಕಿಯೇ ಹೆಮ್ಮೆಯಿಂದ ಶುರು ಮಾಡಿದಳು, "ನಿನ್ನ ಗಂಡ ಕೊಟ್ಟಾನವ್ವ. ದೊಡ್ಡ ಮನಸಿನವ. ಹೋದ ವರ್ಷ ಈ ಗ್ವಾಡಿ ಬೀಳೋದಿತ್ತು. ಈ ವರ್ಷ ಮನ್ಯಾಗ ಒಂದು ಹನಿ ಇಳಿದಿಲ್ಲ."

ಅವಳು ಹೂವಿನಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದಳು, "ನಿಮ್ಮ ಉಸ್ತಾದರ ದುಕಾನ ಇಲ್ಲೇ ಏನ್ರಿ? ಮಾಳಿಗಿ ಮ್ಯಾಲೆ?"

ಅವಳ ಅಣ್ಣ ಬಾಯಿಗೆ ಟವೆಲು ಒತ್ತಿಕೊಂಡು ಎತ್ತಿನ ಕಡೆ ತಿರುಗಿದ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. "ತಪ್ಪಾತು. ಈಗೇ ಹತ್ತಿ ಇಳಿಸಿಕೊಡ್ತೀನಿ" ಎಂದು ಆ ಮಳೆಯಲ್ಲೇ ನಿಚ್ಚಣಿಕೆಗೆ ಕೈ ಹಾಕಿದೆ. ಮುದುಕಿ ನಿಚ್ಚಣಿಕೆಯ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಮೊದಲ ಕೂಸಿನ ಕೈಯಾಗಿನ ತೂತು ಮುಚ್ಚು. ಆಮ್ಯಾಲೆ ತಗಡು ಇಳಿಸು" ಎಂದಳು.

ನನ್ನ ಹೆಂಡತಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆಯ ನೀರೋ ಬೇರೆಯೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯ ಆಗಲೂ ಬರಲಿಲ್ಲ, ಅವಳಿರುವ ತನಕವೂ ಬರಲಿಲ್ಲ. ಆಮೇಲೆ ಕೈ ಚಾಚಿ, ಬೀಳುತ್ತಿದ್ದ ಧಾರೆಯನ್ನು ಅಂಗೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

"ಇರಲಿ ಬಿಡ್ರಿ, ಇಳಿಸಬ್ಯಾಡ್ರಿ" ಎಂದಳು. "ಒಂದು ಹನಿ ಒಳಗ ಇಳಿಯಂಗಿಲ್ಲಂತ ನಮ್ಮಪ್ಪ ಹೇಳಿದ್ದ. ಖರೇನೇ ಹೇಳಿದ್ದ. ಯಾರ ಮನ್ಯಾಗ ಅಂತ ಹೇಳೋದೊಂದು ಮರೆತಿದ್ದ."